ದಿಮ್ಮಿ ದೋಣಿಯ ಕೀಲಿ

“ಕೀಲಿ ಇಲ್ಲ!”

ದಿಮ್ಮಿ ದೋಣಿ ನಡೆಸುವ ಲೋರಿಸ್ ತನ್ನ ಗಾಜಿನ ಗೂಡಿನಿಂದ ತಲೆ ಹೊರಗೆ ಹಾಕಿ ಕೂಗಿದ. ಸಾಲಿನಲ್ಲಿ ನಿಂತಿದ್ದವರೆಲ್ಲ ಕತ್ತೆತ್ತಿ ನೋಡಿದರು. ಎತ್ತರಕ್ಕೆ ಏರಿ ನೀರಿಗೆ ಜಾರಿ ಬೀಳಬೇಕಿದ್ದ, ಮರದ ದಿಮ್ಮಿಯ ಆಕಾರದ ದೋಣಿಗಳು ಕಾಲುವೆಯಲ್ಲಿ ಸುಮ್ಮನೆ ತೇಲುತ್ತಿದ್ದವು. ಗೂಡಿನೊಳಗೆ ಕೀಲಿ ತಿರುಗದೆ ಒಂದೂ ಮುಂದಕ್ಕೆ ಹೋಗುವಂತಿರಲಿಲ್ಲ.

ಒತ್ತಾವಿಯಾಗೆ ತಲೆ ಕೆಟ್ಟುಹೋಯಿತು. ಇವತ್ತಿನ ದಿನವನ್ನು ಹೊಂದಿಸಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಬೇಸಿಗೆ ಮುಗಿಯುತ್ತಲೇ ಆದ್ರಿಯಾ ಕಡಲಂಚಿನ ಈ ಪಾರ್ಕಿನಲ್ಲಿ ಆಟಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತವೆ. ದೊಡ್ಡ ಚಕ್ರ ಆಗಲೇ ನಿಂತಿತ್ತು. ಭೂತದ ಮನೆ ತೆರೆಯುತ್ತದೋ ಇಲ್ಲವೋ, ಕೇಳಿದವರೆಲ್ಲ ಭುಜ ಕುಣಿಸುತ್ತಿದ್ದರು. ದಿಮ್ಮಿ ದೋಣಿ ಹನ್ನೆರಡೂವರೆಯಿಂದ ಎರಡರ ತನಕ ಮಾತ್ರ. ಆಮೇಲೆ ಕಾಲುವೆಯ ನೀರು ಖಾಲಿ. ನಾಳೆ ಅದನ್ನು ಬಿಚ್ಚಿ ಗುಜರಿಗೆ ಹಾಕುತ್ತಾರೆ. ಇವೆಲ್ಲದರ ನಡುವೆ ದಾರಿ ಹುಡುಕಿ, ಊಟವನ್ನೂ ಎರಡೂವರೆಗೆ ತಳ್ಳಿ, ಅವಳು ತಾತ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದಳು.

ಎಲ್ಲವೂ ತಾತನಿಗಾಗಿ. ಗ್ವೆರ್ರಿನೊ ತಾತ ಈ ಪಾರ್ಕಿಗೆ ಎಷ್ಟೋ ಬೇಸಿಗೆ ಬಂದಿದ್ದಾನೆ, ಒಂದು ಆಟವನ್ನೂ ಹತ್ತಿಲ್ಲ. ಮೊದಲು ಮಕ್ಕಳ, ಆಮೇಲೆ ಮೊಮ್ಮಕ್ಕಳ ಚೀಲ, ಚಪ್ಪಲಿ, ಕನ್ನಡಕ ಹಿಡಿದುಕೊಂಡು ಕೆಳಗೆ ನಿಂತವನೇ ಅವನು. ಈಸ್ಟರ್ ಹಬ್ಬದಲ್ಲಿ ಎದೆ ಹಿಡಿದುಕೊಂಡು ಕುಸಿದು, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಹೇಳಿದ್ದು ಒಂದೇ ಮಾತು: “ಆ ದೋಣೀಲಿ ಒಂದು ಸಲ ನಾನೂ ಇಳೀಬೇಕು ಕಣೇ.” ಡಾಕ್ಟರು ನಕ್ಕು ಒಪ್ಪಿದ್ದರು. ಅಜ್ಜಿ ಮಾತ್ರ ಏನೂ ಅಂದಿರಲಿಲ್ಲ.

ಈಗ ತಾತ ಪ್ಲಾಸ್ಟಿಕ್ ಮಳೆಯಂಗಿ ತೊಟ್ಟು ಸಾಲಿನ ಮುಂದೆಯೇ ನಿಂತಿದ್ದ. ಅವನ ಬಿಳಿ ಮೀಸೆಯ ತುದಿಗೆ, ಅಜ್ಜಿ ಬೇಯಿಸಿ ತಂದಿದ್ದ ಲಸಾನ್ಯ ಪಾಸ್ತಾದ ಕೆಂಪು ರಸ ಅಂಟಿತ್ತು. ಒತ್ತಾವಿಯಾ ಅದನ್ನು ಒರೆಸಿ ಗೂಡಿನತ್ತ ನುಗ್ಗಿದಳು.

ಪಾರ್ಕಿನ ಒಡತಿ ದೊರಿಯಾನಾ ಆಗಲೇ ಅಲ್ಲಿದ್ದಳು. ಮುಖ ಕೆಂಡವಾಗಿತ್ತು.

“ಇನ್ನೊಂದು ಕೀಲಿ ಬಿಚ್ಚೋ ಗುತ್ತಿಗೆದಾರರ ಹತ್ರ ಇದೆ, ಅವರು ಬರೋದು ನಾಳೆ! ಕೊನೇ ದಿನ ನನ್ನ ಮಾನ ಕಳೆದೆಯಲ್ಲೋ! ಯಾರಿಗೆ ಮಾರ್ಕೊಂಡೆ ಹೇಳು. ನೆನಪಿಗೆ ಅಂತ ಹಳೇ ಸಾಮಾನು ಕೂಡಿಸೋ ಹುಚ್ಚರು ಬೇಕಾದಷ್ಟು ಜನ ಇದಾರೆ.”

“ಮಾರೋದಾ? ಸಿನ್ಯೋರಾ, ನನ್ನ ಹೆಂಡತಿಗೆ ದಿನ ತುಂಬಿದೆ. ಕೆಲಸ ಕಳ್ಕೊಳ್ಳೋ ಕೆಲಸ ಮಾಡ್ತೀನಾ ನಾನು?” ಎಂದ ಲೋರಿಸ್.

“ಸಿಗದಿದ್ರೆ ಚಳಿಗಾಲದ ಕೆಲಸ ಮರೆತುಬಿಡು. ಪೊಲೀಸಿನವರ ಹತ್ರ ಮಾತಾಡು.”

ಒತ್ತಾವಿಯಾ ನಡುವೆ ಬಾಯಿ ಹಾಕಿದಳು. ವಿಮಾ ಕಂಪನಿಯಲ್ಲಿ ಜಜ್ಜಿಹೋದ ಕಾರುಗಳನ್ನು ನೋಡಿ ಮಾಲೀಕನ ಸುಳ್ಳು ಹಿಡಿಯುವುದೇ ಅವಳ ಸಂಬಳದ ಕೆಲಸ.

“ಕೀಲಿ ಕೊನೇ ಸಲ ನೋಡಿದ್ದು ಯಾವಾಗ?”

“ಬೆಳಿಗ್ಗೆ. ದೋಣಿ ಓಡಿಸಿ ನೋಡಿ, ಈ ಕಿಟಕಿ ಪಕ್ಕದ ಮೊಳೆಗೆ ನೇತುಹಾಕಿದೆ.”

“ಹೊರಗಿನಿಂದ ಕೈ ಎಟಕುತ್ತೆ. ಗೂಡು ಬಿಟ್ಟು ಹೋಗಿದ್ರಾ?”

“ಕಾಲುವೇಲಿ ಎಲೆ ಸಿಕ್ಕೊಂಡಿತ್ತು, ತೆಗೆಯೋಕೆ ಹೋಗಿದ್ದೆ.”

“ಕಿಟಕಿ ಹತ್ರ ಯಾರ್ಯಾರು ಬಂದಿದ್ರು?”

“ಇವರು—” ಲೋರಿಸ್ ಕ್ಯಾಮೆರಾ ತೂಗುಹಾಕಿಕೊಂಡಿದ್ದ ಬೋಳುತಲೆಯವನತ್ತ ಕೈ ತೋರಿಸಿದ. “ಫೋಟೋ ತೆಗೀತಾ ಇದ್ರು. ಆಮೇಲೆ ನಿಮ್ಮ ತಾತ, ದೋಣಿ ಎಷ್ಟು ಎತ್ತರ ಹೋಗುತ್ತೆ ಅಂತ ಕೇಳೋಕೆ. ನಿಮ್ಮ ಅಜ್ಜಿ ಕಾಫಿ ತಂದುಕೊಟ್ರು. ಬೇರೆ ಯಾರೂ ಇಲ್ಲ, ಈ ಆಟದ ಗೇಟು ಇನ್ನೂ ಹಾಕಿತ್ತು, ಈ ಮೂವರೇ ಕಾಡಿ ಬೇಡಿ ಒಳಗೆ ಬಂದಿದ್ದು.”

ಬೋಳುತಲೆಯವನ ಹೆಸರು ಎಜಿದಿಯೊ. ದೊರಿಯಾನಾ ಅವನ ಚೀಲ ಕಿತ್ತುಕೊಂಡು ಬೆಂಚಿನ ಮೇಲೆ ಸುರಿದಳು. ಬೇರೆ ಬೇರೆ ಪಾರ್ಕುಗಳ ತುಕ್ಕು ಹಿಡಿದ ಬೋಲ್ಟುಗಳು, ಹಳೇ ಟಿಕೆಟ್ಟುಗಳು ಬಿದ್ದವು. ಕೀಲಿ ಇರಲಿಲ್ಲ.

“ಸಿಕ್ಕಿಬಿದ್ರಿ!” ಎಂದಳು, ಆದರೂ.

“ಏನಮ್ಮ ಸಿಕ್ಕಿಬಿದ್ದಿದ್ದು?” ಎಜಿದಿಯೊ ರೇಗಿದ. “ಅಷ್ಟು ದೂರದ ತೊರಿನೊ ಊರಿಂದ ಬಂದಿದೀನಿ ನಾನು, ಈ ದೋಣಿ ಕೊನೇ ಸಲ ಹತ್ತೋಕೆ. ಅದೇ ಓಡದಂಗೆ ನಾನೇ ಮಾಡ್ಕೋತೀನಾ? ಕೀಲಿ ಬೇಕಿದ್ರೆ ನಾಳೆ ಬಿಚ್ಚುವಾಗ ಕೇಳಿದ್ರೆ ಬಿಟ್ಟಿ ಕೊಡ್ತಾರೆ!”

ಮಾತು ಸರಿಯಾಗಿತ್ತು. ದೋಣಿ ಓಡಲಿ ಅನ್ನುವವನು ಕೀಲಿ ಮುಟ್ಟುವುದಿಲ್ಲ. ಹಾಗಾದರೆ ಓಡಬಾರದು ಅನ್ನುವವರು ಯಾರು? ಒತ್ತಾವಿಯಾ ಫೋನು ತೆಗೆದು ನೋಡಿ ಮತ್ತೆ ಜೇಬಿಗೆ ತುರುಕಿದಳು. ಹೊತ್ತು ಓಡುತ್ತಿತ್ತು, ಸಾಲಿನ ಹಿಂದಿನವರು ಗೊಣಗುತ್ತ ಚದುರುತ್ತಿದ್ದರು.

ಅಜ್ಜಿ ಪೈನ್ ಮರದ ಕೆಳಗಿನ ಮೇಜಿನ ಹತ್ತಿರ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಅಜ್ಜೀ, ಕಾಫಿ ಕೊಟ್ಟಾಗ ಕೀಲಿ ಮೊಳೆ ಮೇಲಿತ್ತಾ?”

“ನಾನೇನು ಮೊಳೆ ನೋಡೋಕೆ ಹೋಗಿದ್ನಾ? ಪಾಪ, ಹುಡುಗ ಒಣಗಿಹೋಗಿದಾನೆ. ಅವನಿಗೊಂದು ತುಂಡು ಲಸಾನ್ಯ ಕೊಟ್ಟು ಬಾ.”

“ಲಸಾನ್ಯ ಅಂತೆ! ಊಟ ಎರಡೂವರೆಗೆ ಅಂತ ನೂರು ಸಲ ಹೇಳಿದ್ದೆ. ನಾನು ಭೂತದ ಮನೆ ತೆಗೆದಿದೆಯಾ ನೋಡ್ಕೊಂಡು ಬರೋ ಅಷ್ಟರಲ್ಲಿ ಬುಟ್ಟಿ ಬಿಚ್ಚಿ ತಾತಂಗೆ ಬಡಿಸಿಬಿಟ್ಟಿದೀಯ!”

“ಹಸಿದ ಗಂಡನಿಗೆ ನಿನ್ನ ಫೋನ್ ಕೇಳಿ ಬಡಿಸ್ಬೇಕಾ? ಎರಡು ತಟ್ಟೆ ತಿಂದ, ನೋಡ್ಲಿಲ್ವಾ?”

ಅಷ್ಟರಲ್ಲಿ ಗೂಡಿನ ಹತ್ತಿರ ದೊರಿಯಾನಾಳ ಗಂಟಲು ಏರಿತು. “ಸಾಕು. ಜಾಕೆಟ್ ಬಿಚ್ಚಿ ಕೊಟ್ಟು ನಡಿ!” ಲೋರಿಸ್ ಪಾರ್ಕಿನ ಹಸಿರು ಜಾಕೆಟ್ಟಿನ ಗುಂಡಿ ಬಿಚ್ಚತೊಡಗಿದ.

“ಬೇಡ. ಕೀಲಿ ತೆಗೆದಿದ್ದು ನಾನು.”

ತಾತ! ಮಳೆಯಂಗಿ ಸರಬರ ಅನ್ನಿಸುತ್ತ ಮುಂದೆ ಬಂದಿದ್ದ. “ಕೊನೇ ಗಳಿಗೇಲಿ ಹೆದರಿಕೆ ಆಯ್ತು. ತೆಗೆದು ಸಮುದ್ರಕ್ಕೆ ಎಸೆದೆ. ಹುಡುಗನ್ನ ಬಿಡಿ.”

ಒತ್ತಾವಿಯಾ ಅವನ ಕಣ್ಣಲ್ಲಿ ಕಣ್ಣಿಟ್ಟಳು. “ಕೀಲಿಗೆ ದಾರ ಕಟ್ಟಿತ್ತಲ್ಲ ತಾತ, ಯಾವ ಬಣ್ಣ?”

“ದಾರಾನಾ... ಕೆಂಪು.”

ಲೋರಿಸ್ ತಲೆ ಅಲ್ಲಾಡಿಸಿದ. “ಹಳದಿ.”

ತಾತ ಸುಳ್ಳು ಹೇಳುತ್ತಿದ್ದ, ಅದೂ ಕೆಟ್ಟದಾಗಿ. ಯಾರನ್ನು ಉಳಿಸಲು? ಗುರುತಿಲ್ಲದ ಹುಡುಗನನ್ನೋ? ಅಥವಾ—

“ಏ ಹುಡುಗೀ!”

ಮರದ ಕೆಳಗಿನಿಂದ ಅಜ್ಜಿ ಕೂಗಿದ್ದಳು. ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು ಹಿಡಿದ ಪುಟ್ಟ ಹುಡುಗಿಯೊಬ್ಬಳು ಕಾರಂಜಿಗೆ ಕಾಲಿಡುತ್ತಿದ್ದಳು. “ತಿಂದ ಬಾಯಲ್ಲೇ ನೀರಿಗಾ? ಹೊಟ್ಟೆ ಹಿಡ್ಕೊಂಡು ಬಿದ್ದುಹೋಗ್ತೀಯ! ತಿಂದು ಮೂರು ಗಂಟೆ ಕಳೀಬೇಕು! ಎಲ್ಲಿ ನಿಮ್ಮಮ್ಮ?” ತಾಯಿ ಓಡಿಬಂದು, ತಪ್ಪಾಯಿತು ಎಂಬಂತೆ ಅಜ್ಜಿಗೆ ತಲೆಯಾಡಿಸಿ ಮಗುವನ್ನು ಎಳೆದುಕೊಂಡು ಹೋದಳು.

ಒತ್ತಾವಿಯಾ ನಿಂತಲ್ಲೇ ನಿಂತಳು. ಆಮೇಲೆ ಮೆಲ್ಲಗೆ ಹೇಳಿದಳು: “ಸಿನ್ಯೋರಾ ದೊರಿಯಾನಾ, ಆ ಜಾಕೆಟ್ ಅವರ ಹತ್ರಾನೇ ಇರ್ಲಿ. ಎಲ್ಲರೂ ಇಲ್ಲಿ ಬನ್ನಿ.”

ಮೇಜಿನ ಸುತ್ತ ಸೇರಿದರು. ಅಜ್ಜಿ ಬುಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

“ಚಿಕ್ಕವರಿದ್ದಾಗ ಉಂಡ ಮೇಲೆ ಎಷ್ಟು ಹೊತ್ತು ನೀವು ಸಮುದ್ರಕ್ಕೆ ಇಳೀಬಾರದಿತ್ತು?” ಒತ್ತಾವಿಯಾ ದೊರಿಯಾನಾಳನ್ನು ಕೇಳಿದಳು.

“ಮೂರು ಗಂಟೆ,” ದೊರಿಯಾನಾ ತಟ್ಟನೆ ಅಂದಳು. “ನಮ್ಮಮ್ಮ ಗಡಿಯಾರ ಹಿಡ್ಕೊಂಡು ದಡದಲ್ಲೇ ಕೂರ್ತಿದ್ಲು. ಅದಕ್ಕೂ ಇದಕ್ಕೂ ಏನು?”

“ನಮ್ಮನೇಲಿ ಉಂಡೋರು ಸ್ನಾನಕ್ಕೂ ಹೋಗೋ ಹಾಗಿಲ್ಲ. ಈ ದೋಣೀಲಿ ಇಳಿದೋರು ಎದೆತನಕ ತೊಯ್ದು ತೊಪ್ಪೆ ಆಗ್ತಾರೆ. ತಾತನ ಹೃದಯ ಮೊದಲೇ ಸರಿ ಇಲ್ಲ. ಯಾರದೋ ಮಗು ಕಾಲು ಒದ್ದೆ ಮಾಡಿಕೊಂಡ್ರೆ ಬೊಬ್ಬೆ ಹಾಕೋ ನನ್ನಜ್ಜಿ, ದೋಣಿ ಹತ್ತೋ ಮುಂಚೆ ತಾತಂಗೆ ಎರಡು ತಟ್ಟೆ ಲಸಾನ್ಯ ಬಡಿಸಿದಾಳೆ. ನಾನು ನೋಡಿದೆ, ಅವನ ಮೀಸೇನೂ ಒರೆಸಿದೆ, ಊಟದ ಹೊತ್ತು ತಪ್ಪಿತು ಅಂತ ರೇಗಿದೆ. ಯಾಕೆ ಬಡಿಸಿದ್ಲು ಅಂತ ಮಾತ್ರ ಕೇಳ್ಕೊಳ್ಳಲಿಲ್ಲ. ತಾತ ಇವತ್ತು ಒದ್ದೆ ಆಗಲ್ಲ ಅಂತ ಅವಳಿಗೆ ಆಗಲೇ ಗೊತ್ತಿತ್ತು. ಲೋರಿಸ್‌ಗೇ ಗೊತ್ತಿಲ್ಲದಾಗ ದೋಣಿ ಓಡಲ್ಲ ಅಂತ ಗೊತ್ತಿರೋದು ಯಾರಿಗೆ? ಕೀಲಿ ತೆಗೆದೋರಿಗೆ.” ಅವಳು ಕೈ ಚಾಚಿದಳು. “ಕೊಡು ಅಜ್ಜಿ.”

ಅಜ್ಜಿ ಬುಟ್ಟಿಯೊಳಗೆ ಕೈ ಹಾಕಿ, ಲಸಾನ್ಯದ ಪಾತ್ರೆಯ ಕೆಳಗಿನ ಬಟ್ಟೆ ಬಿಚ್ಚಿದಳು. ಹಳದಿ ದಾರದ ಕೀಲಿ.

“ಎರಡು ಗಂಟೆ ದಾಟಿದ ಮೇಲೆ ಕಿಟಕಿ ಕೆಳಗೆ ಬೀಳಿಸಿ ಬರೋಣ ಅಂತಿದ್ದೆ,” ಅಂದಳು. “ಹುಡುಗನ ಕುತ್ತಿಗೆಗೆ ಬರುತ್ತೆ ಅಂತ ಗೊತ್ತಿರ್ಲಿಲ್ಲ. ಬಂದ ಮೇಲೆ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ. ತಪ್ಪಾಯ್ತು ಮಗಾ.” ಲೋರಿಸನ ಕೈ ಹಿಡಿದುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು. “ಈಸ್ಟರ್ ದಿನ ನೀನು ಅಡುಗೆಮನೇಲಿ ಬಿದ್ದಾಗ ನಾನೊಬ್ಬಳೇ ಇದ್ದೆ. ಡಾಕ್ಟರಿಗೇನು, ನಗ್ತಾರೆ. ಅವರು ನೋಡಿಲ್ಲ ನಿನ್ನ ಮುಖಾನ.”

“ಮೊದಲನೇ ತುತ್ತಿಗೇ ಗೊತ್ತಾಯ್ತು ಕಣೇ,” ಎಂದ ತಾತ. “ನೀನು ಇವತ್ತು ನನ್ನ ಬಿಡಲ್ಲ ಅಂತ.”

“ಗೊತ್ತಿದ್ದೂ ಸಾಲಲ್ಲಿ ನಿಂತ್ಯಾ?”

“ನೀನೇ ಬಂದು ಹೋಗ್ಬೇಡ ಅಂತೀಯೇನೋ ಅಂತ ಕಾಯ್ತಿದ್ದೆ. ಅಂದಿದ್ರೆ ಹೋಗ್ತಿರ್ಲಿಲ್ಲ.”

“ಅದಕ್ಕೇ ಅನ್ನಲಿಲ್ಲ,” ಅಜ್ಜಿ ಅಳುತ್ತಿದ್ದಳು. “ಅಂದ್ರೆ ನೀನು ಮತ್ತೆ ಎಲ್ಲರ ಚೀಲ ಹಿಡ್ಕೊಂಡು ಕೆಳಗೇ ನಿಲ್ತಿದ್ದೆ. ಅದನ್ನೂ ನೋಡೋಕಾಗಲ್ಲ ನನಗೆ.”

ದೊರಿಯಾನಾ ಮೂಗು ಒರೆಸಿಕೊಂಡಳು. “ಲೋರಿಸ್, ನನ್ನದು ನಾಲಗೆ ಜಾಸ್ತಿ, ಮನಸ್ಸಿಗೆ ಹಚ್ಕೋಬೇಡ. ಚಳಿಗಾಲದ ಕೆಲಸ ನಿಂದೇ. ಸಾಲು ಕರಗಿಸು ಹೋಗು. ನೀರು ಖಾಲಿ ಮಾಡೋರಿಗೆ ಸಂಜೆ ಬನ್ನಿ ಅಂತೀನಿ.”

“ಸಂಜೆ ಯಾಕೆ?” ಎಜಿದಿಯೊ ಕೇಳಿದ.

“ಇವರ ಹೊಟ್ಟೇಲಿ ಎರಡು ತಟ್ಟೆ ಲಸಾನ್ಯ ಇದೆಯಲ್ಲ!”

ಅಜ್ಜಿ ಕೈಗಡಿಯಾರ ನೋಡಿ, ಯಾರಿಗೂ ಕಾಣದಂತೆ ಬೆರಳು ಮಡಿಚಿ ಲೆಕ್ಕ ಹಾಕಿದಳು.

ಆ ದಿನದ ಕೊನೆಯ ದೋಣಿಯಲ್ಲಿ ಇಬ್ಬರಿದ್ದರು. ಮುಂದೆ ತಾತ, ಹಿಂದಿನಿಂದ ಅವನ ಸೊಂಟವನ್ನು ಬಿಗಿಯಾಗಿ ತಬ್ಬಿಕೊಂಡು ಅಜ್ಜಿ. ಅವನೊಬ್ಬನನ್ನೇ ಕಳಿಸುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಒತ್ತಾವಿಯಾ ಕೆಳಗೆ ಅವರ ಚಪ್ಪಲಿ, ಕನ್ನಡಕ, ಬುಟ್ಟಿ ಹಿಡಿದುಕೊಂಡು ನಿಂತಳು. ದೋಣಿ ಕಟಕಟ ಎಂದು ಮೇಲಕ್ಕೇರಿತು. ತುದಿಯಲ್ಲಿ ಒಂದು ಗಳಿಗೆ ನಿಂತಿತು. ಒತ್ತಾವಿಯಾ ಬುಟ್ಟಿಯನ್ನು ಎದೆಗೆ ಅವುಚಿಕೊಂಡಳು. ಕೆಳಗೆ ನಿಂತು ನೋಡುವುದು ಇಷ್ಟು ಕಷ್ಟ ಎಂದು ತಾತ ಯಾವತ್ತೂ ಹೇಳಿರಲಿಲ್ಲ.

ದೋಣಿ ಜಾರಿತು. ಮೊದಲು ಅಜ್ಜಿಯ ಕೂಗು ಕೇಳಿಸಿತು. ಆಮೇಲೆ ನೀರು ಎದ್ದು ಎಲ್ಲವನ್ನೂ ಮುಚ್ಚಿಕೊಂಡಿತು. ಅದರ ಒಳಗಿನಿಂದ ತಾತನ ನಗು ಬಂದ ಮೇಲೆಯೇ ಒತ್ತಾವಿಯಾ ಉಸಿರು ಬಿಟ್ಟದ್ದು.