ರೋವೆನಾ ಬಸ್ಸಿಳಿದ ದಿನ

ಆರು ವರ್ಷದಿಂದ ರೋವೆನಾ ಊರೂರಿನ ಹಳೆಯ ಚರ್ಚುಗಳಿಗೆ ಪ್ರವಾಸದ ಬಸ್ಸು ಓಡಿಸುತ್ತಿದ್ದಳು. ಒಂದರ ಹೊಸ್ತಿಲನ್ನೂ ತುಳಿದವಳಲ್ಲ. ವಯಸ್ಸಾದ ಪ್ರಯಾಣಿಕರೆಲ್ಲ ಗೈಡ್ ಆಂಬ್ರೋಸನ ಹಿಂದೆ ಒಳಗೆ ಹೋದರೆ, ಅವಳು ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು ಬಸ್ಸಿನಲ್ಲೇ ಕೂರುತ್ತಿದ್ದಳು.

ಆಂಬ್ರೋಸನ ದನಿ ಮಾತ್ರ ಅವಳಿಗೆ ಬಾಯಿಪಾಠ. ದಾರಿಯುದ್ದಕ್ಕೂ ಮೈಕು ಹಿಡಿದು ಅವನು ಕಲ್ಲು, ಗಾಜು, ಗೋಪುರಗಳ ಕಥೆ ಹೇಳುವಾಗ ಅವಳ ಕಣ್ಣು ತಲೆಯ ಮೇಲಿನ ಕನ್ನಡಿಗೆ ಹೋಗುತ್ತಿತ್ತು. ಅವನೂ ನೋಡಿಬಿಟ್ಟರೆ ಥಟ್ಟನೆ ರಸ್ತೆಗೆ ಮರಳುತ್ತಿತ್ತು.

ಈಲಿ ಪಟ್ಟಣದ ಹಳೆಯ ಮಹಾಚರ್ಚಿಗೆ, ಅಲ್ಲಿನ ಕೆಥೆಡ್ರಲ್ಲಿಗೆ, ಬಂದ ಈ ಪ್ರವಾಸವೇ ಅವನ ಕೊನೆಯದು. ಸೋಮವಾರದಿಂದ ಅವನಿಗೆ ದೂರದ ಯಾರ್ಕ್ ನಗರದಲ್ಲಿ ಕೆಲಸ.

ಎಲ್ಲರೂ ಇಳಿದ ಮೇಲೆ ನೋಡಿದರೆ ಮಿಸೆಸ್ ಪಿಂಚ್‌ಬೆಕ್ ಅವರ ಕನ್ನಡಕ ಸೀಟಿನಲ್ಲೇ ಬಿದ್ದಿತ್ತು. "ಈ ಅಜ್ಜಿ ಇನ್ನೇನು ನೋಡ್ತಾರೋ!" ಎಂದು ಗೊಣಗುತ್ತ ರೋವೆನಾ ಅದನ್ನು ಹಿಡಿದು ಕೆಥೆಡ್ರಲ್ಲಿನ ಬಾಗಿಲು ದಾಟಿದಳು.

ಕಂಬಗಳ ಸಾಲು ಮುಗಿಯುವಂತೆಯೇ ಇರಲಿಲ್ಲ. ಮುಗಿದಲ್ಲಿ, ಸೂರೇ ಬಿರಿದುಹೋದಂತೆ ಎಂಟು ಮೂಲೆಯ ಗೋಪುರ ತೆರೆದುಕೊಂಡಿತು. ಆಕಾಶಕ್ಕೇ ತಾಗಿದಂತಿದ್ದ ಕಿಟಕಿಗಳಿಂದ ಬೆಳಕು ಹೊರಟು, ದೇವದೂತರ ಚಿತ್ರಗಳನ್ನು ಸವರಿಕೊಂಡು, ಅವಳ ಮುಖದ ಮೇಲೆ ಇಳಿಯಿತು. ಮನುಷ್ಯರೇ ಕಟ್ಟಿದರೇ ಇದನ್ನು? ರೋವೆನಾಳಿಗೆ ಉಸಿರಾಡುವುದೇ ಮರೆತುಹೋಯಿತು.

"ಕೊನೆಗೂ ಬಂದ್ರಿ."

ಪಕ್ಕದಲ್ಲಿ ಆಂಬ್ರೋಸ್ ನಿಂತಿದ್ದ. ಮೈಕಿಲ್ಲದ ಆ ದನಿ ಎಷ್ಟು ಮೆತ್ತಗಿತ್ತು!

"ನೀವು ಹೇಳಿದ್ದು ಇದರಲ್ಲಿ ಕಾಲುಭಾಗಾನೂ ಇಲ್ಲ ಬಿಡಿ," ಎಂದಳು ಕಣ್ಣೊರೆಸಿಕೊಂಡು.

"ಮತ್ತೆ ಇಷ್ಟು ವರ್ಷ ಯಾಕೆ ಒಳಗೆ ಬರ್ಲಿಲ್ಲ?"

"ಭಯ. ನಿಮ್ಮ ಬಾಯಲ್ಲಿ ಅಷ್ಟು ಚೆನ್ನಾಗಿರೋದು, ಬಂದು ನೋಡಿದ್ರೆ ಬರೀ ಕಲ್ಲಾಗಿಬಿಟ್ರೆ? ನಿಮ್ಮ ಮಾತೇ ಸಾಕಾಗಿತ್ತು ನಂಗೆ. ಇನ್ಮೇಲೆ ಅದೂ ಇಲ್ಲ."

ಅವನ ಕಿವಿ ಕೆಂಪಾಯಿತು. "ಹಿಂದೆ ಕೂತೋರೆಲ್ಲ ಹತ್ತು ಮೈಲಿ ಹೋಗೋದ್ರೊಳಗೆ ಗೊರಕೆ ಹೊಡೀತಿದ್ರು, ರೋವೆನಾ. ನಾನು ಯಾರಿಗೆ ಕಥೆ ಹೇಳ್ತಿದ್ದೆ ಅಂದ್ಕೊಂಡ್ರಿ?"

ಅವಳು ಮುಖವೆತ್ತಿದಳು. ಇಬ್ಬರೂ ದೃಷ್ಟಿ ತಪ್ಪಿಸಲಿಲ್ಲ.

"ಏ ಹುಡುಗಿ, ಕನ್ನಡಕ ಇತ್ತ ಕೊಡೇ!" ಕುರ್ಚಿಯಿಂದ ಮಿಸೆಸ್ ಪಿಂಚ್‌ಬೆಕ್ ಕೈಚಾಚಿದರು. "ಮುಂದಿನದು ನಂಗೂ ಕಾಣ್ಲಿ."

ಸುತ್ತಲಿನ ಅಜ್ಜಿಯರೆಲ್ಲ ಕಿಸಕ್ಕನೆ ನಕ್ಕರು. ಆಂಬ್ರೋಸ್ ಮಾತ್ರ ನಗಲಿಲ್ಲ.

"ಮುಂದಿನ ವಾರ, ಶನಿವಾರ ಯಾರ್ಕಿಗೆ ಬರ್ತೀರಾ? ರೈಲಲ್ಲಿ ಬನ್ನಿ, ಸ್ಟೇಷನ್ನಿನಲ್ಲಿ ನಿಂತಿರ್ತೀನಿ. ಅಲ್ಲಿನ ದೊಡ್ಡ ಚರ್ಚನ್ನ ನಾನೇ ತೋರಿಸ್ತೀನಿ. ಒಂದು ದಿನಕ್ಕೆ ಮುಗಿಯೋ ಅಂಥದ್ದಲ್ಲ."

"ಎಷ್ಟು ದಿನ ಬೇಕು?"

"ನೀವು ಇರ್ತೀನಿ ಅಂದಷ್ಟು ದಿನ."

ರೋವೆನಾ ಆ ಬೆಳಕಿನಲ್ಲೇ, ಎಲ್ಲರೆದುರು, ಅವನ ಕೈ ಹಿಡಿದುಕೊಂಡಳು.

"ಹಾಗಾದ್ರೆ ದೊಡ್ಡ ಪೆಟ್ಟಿಗೇನೇ ತರ್ತೀನಿ."