ಕಡ ತಂದ ಬೆನ್ನೆಲುಬು

೧೯೬೨ರ ಬೇಸಗೆಯಲ್ಲಿ ಹೆಡ್ ಕ್ಲಾರ್ಕ್ ಹೊಳೆಯಪ್ಪನಿಗೆ ಧಾರವಾಡದಿಂದ ಬೀದರಿಗೆ ವರ್ಗವಾಯಿತು. ಹೆಂಡತಿ ಸಾವಂತ್ರೆವ್ವ ಸಾಲಿ ಕಲಿಸುವವಳು. ನೌಕರಿ ಬಿಟ್ಟು ಬರುವವಳಲ್ಲ. ಹೊಳೆಯಪ್ಪನಿಗೋ ಚಹಾ ಕಾಸಲೂ ಬರುತ್ತಿರಲಿಲ್ಲ. ಆರ್ಡರು ಓದಿ ಅವನು ಖರೇನೇ ಅತ್ತ. ಆಮೇಲೆ ಮೂಗು ಒರೆಸಿಕೊಂಡು, ಸರಕಾರಕ್ಕೆ ಟೋಪಿ ಹಾಕುವುದು ಹೇಗೆಂದು ಯೋಚಿಸಲು ಕುಳಿತ.

ಬೆನ್ನೆಲುಬಿನಲ್ಲಿ ಗಡ್ಡೆ ಇದೆಯೆಂದು ಸರಕಾರಿ ಸರ್ಜನ್ ಬರೆದುಕೊಟ್ಟರೆ ವರ್ಗ ರದ್ದು. ಅಂಥ ಗಡ್ಡೆ ಇದ್ದವನೊಬ್ಬ ಅವನಿಗೆ ಗೊತ್ತಿದ್ದ. ಕೇಶ್ವಾಪುರದ ಸೈಕಲ್ ರಿಪೇರಿಯ ಮಕ್ತುಮಸಾಬ ಹಿಂದಿನ ವರ್ಷ ಮಿರಜಿಯಲ್ಲಿ ಆಪರೇಷನ್ ಮಾಡಿಸಿಕೊಂಡು ಈಗ ಗಟ್ಟಿಮುಟ್ಟಾಗಿದ್ದ. ಹಳೆಯ ಎಕ್ಸ್‌ರೇ ಹಾಳೆಯನ್ನು ಅಂಗಡಿಯಲ್ಲಿ ತೂಗುಹಾಕಿ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ. ಹೊಳೆಯಪ್ಪ ಹೋಗಿ ಅದನ್ನು ಕಡ ಕೇಳಿದ.

“ನನ್ನ ಎಲುಬು ನಿಮಗ್ಯಾಕ ಬೇಕರಿ?”

“ಮನ್ಯಾಗ ತೋರಸ್ತೇನಿ. ನಾಕ ದಿನಕ್ಕ ತಂದ ಕೊಡ್ತೇನಿ.”

ರೋಗದ ಲಕ್ಷಣಗಳನ್ನೂ ಅವನಿಂದಲೇ ಕೇಳಿಕೊಂಡ. ಎಡಗಾಲು ಎಳೆಯಬೇಕು, ಅಂಗಾಲಿಗೆ ಚುಚ್ಚಿದರೆ ಗೊತ್ತಾಗಬಾರದು. ಮನೆಯಲ್ಲಿ ವಾರವಿಡೀ ತಾಲೀಮು ನಡೆಯಿತು. ಸಾವಂತ್ರೆವ್ವ ಪಿನ್ನು ಹಿಡಿದು ಅಗತ್ಯಕ್ಕಿಂತ ತುಸು ಹೆಚ್ಚೇ ಹುರುಪಿನಿಂದ ಚುಚ್ಚಿದಳು.

ದವಾಖಾನೆಯ ಎಕ್ಸ್‌ರೇ ಕೋಣೆಯಲ್ಲಿ ಕಂಪೌಂಡರ್, ಸೊಂಟದ ಬೆಳ್ಳಿ ಉಡದಾರ ಬಿಚ್ಚಿಡಲು ಹೇಳಿದ. ಹೊಳೆಯಪ್ಪ ಕೆಂಡವಾದ. “ಉಡದಾರ ಹೆಣದ ಸೊಂಟದಿಂದ ತಗೀತಾರ! ನಾ ಇನ್ನೂ ಜೀವಂತ ಅದೇನಿ!” ಗದ್ದಲಕ್ಕೆ ಸರ್ಜನರೇ ಎದ್ದು ಬಂದರು. “ಇರ್ಲಿ ಬಿಡಪಾ, ಹಂಗ ಫೋಟೋ ತಗಿ,” ಎಂದು ನಗುತ್ತ ಹೋದರು. ಇಷ್ಟು ಮಡಿವಂತನ ಮೇಲೆ ಯಾರಿಗೆ ಸಂಶಯ ಬಂದೀತು ಎಂದು ಹೊಳೆಯಪ್ಪ ಒಳಗೇ ಹಿಗ್ಗಿದ.

ಮರುದಿನ ಹಾಳೆಯನ್ನು ಲಕೋಟೆಯಲ್ಲಿಟ್ಟು ರೋಗಿಯ ಕೈಯಲ್ಲೇ ಕೊಟ್ಟು ಸರ್ಜನರ ಕಡೆಗೆ ಕಳಿಸುವುದು ಅಲ್ಲಿನ ಪದ್ಧತಿ. ಅವನಿಗೆ ಬೇಕಾದದ್ದೂ ಅದೇ. ಪಾಯಖಾನೆಯ ಬಾಗಿಲು ಹಾಕಿಕೊಂಡು ತನ್ನ ಹಾಳೆ ತೆಗೆದು ಮಕ್ತುಮಸಾಬನದನ್ನು ಇಟ್ಟ. ಮಿರಜಿಯ ನಂಬರು ಇದ್ದ ಮೂಲೆಯನ್ನು ಮನೆಯಲ್ಲೇ ಕತ್ತರಿಸಿದ್ದ. ಇಬ್ಬರದೂ ಒಂದೇ ವಯಸ್ಸು, ಒಂದೇ ಎತ್ತರ. ಎಲುಬಿಗೆ ಯಾವ ಜಾತಿ, ಯಾವ ಧರ್ಮ ಎಂದುಕೊಂಡು ನಕ್ಕ.

ಸರ್ಜನರು ಅಂಗಾಲಿಗೆ ಚುಚ್ಚಿದರು, ಹೊಳೆಯಪ್ಪ ಮಿಸುಕಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಗಡ್ಡಿ ಐತಿ,” ಎಂದರು. ಸರ್ಟಿಫಿಕೇಟು ಬರೆಯಲು ಪೆನ್ನು ತೆಗೆದವರು ಯಾಕೋ ಮತ್ತೊಮ್ಮೆ ಹಾಳೆ ನೋಡಿದರು. “ನಿನ್ನಿ ಉಡದಾರದ ಸಲುವಾಗಿ ಜಗಳಾ ತಗದವ್ರು ನೀವ ಅಲ್ರಿ?” “ಹೌದ್ರಿ ಸಾಹೇಬ್ರ,” ಹೊಳೆಯಪ್ಪ ಎದೆಯುಬ್ಬಿಸಿದ, “ಹುಟ್ಟಿದಾಗಿಂದ ಒಂದ ದಿನಾನೂ ಬಿಚ್ಚಿಲ್ರಿ.” ಸರ್ಜನರು ಹಾಳೆಯನ್ನು ಅವನತ್ತ ತಿರುಗಿಸಿದರು. ಪಕ್ಕೆಲುಬಿನಿಂದ ಹಿಡಿದು ಕೆಳಗಿನವರೆಗೂ ಎಲ್ಲ ಎಲುಬುಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಉಡದಾರವನ್ನೇ ಕಟ್ಟದ ಮಕ್ತುಮಸಾಬನ ಸೊಂಟದಲ್ಲಿ ಬೆಳ್ಳಿಯ ಒಂದು ಕೊಂಡಿಯೂ ಇರಲಿಲ್ಲ.