ಬಿಗಿದ ಚರ್ಮ

ಮರದ ಕ್ಲಾವೆ ಕೋಲು ಅವನ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು.

ನಿವೇದಿತಾಳಿಗೆ ಅವನ ಹೆಸರೂ ಗೊತ್ತಿರಲಿಲ್ಲ. ಸಿಡ್ನಿಯ ಹ್ಯಾರಿಸ್ ಪಾರ್ಕ್‌ನ ವಾದ್ಯತಂಡದ ಅಭ್ಯಾಸದ ಕೋಣೆಗೆ ಬಂದಾಗ ಅವಳು ಕಂಡದ್ದು ಸೀಳಿಹೋದ ತನ್ನ ಕೊಂಗಾ ಡ್ರಮ್ಮನ್ನು, ಅದರ ಪಕ್ಕ ಮಂಡಿಯೂರಿದ್ದ ಅಪರಿಚಿತನನ್ನು. ಕೈಗೆ ಸಿಕ್ಕ ಕೋಲಿನಿಂದ ಹೊಡೆದಿದ್ದಳು.

"ಚಾಕು ಎಲ್ಲಿ?"

"ಯಾವ ಚಾಕು ಮಾರಾಯ್ರೆ?"

ಮೆಲ್ಬರ್ನಿನ ಪಾಯಿಂಟ್ ಕುಕ್‌ನ ಮನೆಯಲ್ಲಿ ಗಂಡ ಸುದರ್ಶನ್ ಇದೇ ಕೊಂಗಾಕ್ಕೆ ಅಡುಗೆಮನೆಯ ಚಾಕು ಹಾಕಿದ್ದ. ಆಮೇಲೆ ಅವಳ ಭುಜಕ್ಕೆ. ಡಿವೋರ್ಸ್ ಆಗಿ ಸಿಡ್ನಿಗೆ ಬಂದವಳು ಕೊಂಗಾಕ್ಕೆ ಹೊಸ ಚರ್ಮ ಹಾಕಿಸಿದ್ದಳು. ಭುಜದ ಕಲೆ ಹಾಗೇ ಇತ್ತು.

ಆದರೆ ಈ ಸೀಳು ಚಾಕುವಿನದಲ್ಲ... ಅಂಚಿನಿಂದ ಹರಿದಿತ್ತು. ಮುಟ್ಟಿದರೆ ಬಿಸಿ. ಪಕ್ಕದಲ್ಲೇ ಹೀಟರ್ ಕೆಂಪಗಿತ್ತು.

ಅವನು ಸುಕೇಶ್, ಕಾಪುವಿನವನು, ತಂಡಕ್ಕೆ ಹೊಸಬ. ಊರಿನಲ್ಲಿ ಹುಲಿವೇಷದ ತಾಸೆ ವಾದ್ಯದ ದನಿ ಮಂಕಾದರೆ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಜುಲೈ ಚಳಿಗೆ ಕೊಂಗಾ ಮಂಕಾಗಿದೆಯೆಂದು ಅವನೂ ಅದನ್ನೇ ಮಾಡಿದ್ದ. ಮೊದಲೇ ಸ್ಕ್ರೂಗಳಿಂದ ಬಿಗಿದಿದ್ದ ಚರ್ಮ ಸಿಡಿದುಹೋಗಿತ್ತು.

"ಕೇಳಿ ಮುಟ್ಟಬೇಕಿತ್ತು," ಅಂದ, ರಕ್ತ ಒರೆಸಿಕೊಳ್ಳುತ್ತ. "ಕ್ಷಮಿಸಿ."

ಆ ಮಾತು ಅವಳ ಬಾಯಿಂದ ಬರಲಿಲ್ಲ.

ಸುದರ್ಶನನೂ ಕೇಳುತ್ತಿರಲಿಲ್ಲ, ಹೊಡೆಯುತ್ತಿದ್ದ... ಅವನನ್ನು ಬಿಟ್ಟು ಬಂದ ನಾನು ಅವನ ಕೈಯನ್ನು ಜೊತೆಗೇ ತಂದೆನಾ?

ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ಸುಕೇಶ್ ಹೊಸ ಚರ್ಮದೊಂದಿಗೆ ಮರಳಿದ. ಇಬ್ಬರೂ ಅದನ್ನು ನೆನೆಸಿ, ಎಳೆದು, ಕಟ್ಟಿದರು. ತಂಡದಲ್ಲಿ ಅವನದು ಕ್ಲಾವೆ: ಒಂದಕ್ಕೊಂದು ಬಡಿಯುವ ಎರಡು ಕೋಲು. ಅದರ ಪೆಟ್ಟು ತಪ್ಪಿದರೆ ಕೊಂಗಾ, ಗಂಟೆ, ಹಾಡು ಎಲ್ಲವೂ ಕುಸಿಯುತ್ತವೆ. ಅವನು ತಪ್ಪುತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿ ನುಡಿಸತೊಡಗಿದಳು. ಆದರೆ ಅವನು ಹತ್ತಿರ ಬಂದರೆ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು.

ಮೆಲ್ಬರ್ನಿನ ಕಾರ್ಯಕ್ರಮಕ್ಕೆ ಸುದರ್ಶನ್ ಬಂದ.

ವೇದಿಕೆಯ ಹಿಂದೆ ಅವಳ ಕೂದಲು ಹಿಡಿದು ಗೋಡೆಗೆ ಬಡಿದ. ಬಿಡಿಸಲು ಬಂದ ಸುಕೇಶನ ಹುಬ್ಬಿಗೆ ಗುದ್ದಿದ. ಹಳೆಯ ಗಾಯ ಬಿರಿಯಿತು. ಇಬ್ಬರೂ ನೆಲಕ್ಕುರುಳಿದರು, ಸುಕೇಶ್ ಅವನ ತೋಳು ತಿರುಚಿ ಬೆನ್ನ ಮೇಲೆ ಕೂತ.

ಸುಕೇಶನಿಂದ ಜಾರಿಬಿದ್ದ ಕ್ಲಾವೆ ಕೋಲು ನಿವೇದಿತಾಳ ಕೈಯಲ್ಲಿತ್ತು. ಸುದರ್ಶನನ ತಲೆ ಅವಳ ಕಾಲ ಬುಡದಲ್ಲಿತ್ತು. ಒಂದೇ ಪೆಟ್ಟು ಸಾಕು...

"ನಾನು ಹಿಡ್ಕೊಂಡಿದ್ದೇನೆ," ಅಂದ ಸುಕೇಶ್. "ಇನ್ನು ಅವ ಏನೂ ಮಾಡ್ಲಿಕ್ಕಾಗುವುದಿಲ್ಲ."

ಎತ್ತಿದ ಕೈಯನ್ನು ಇಳಿಸಿದಳು. ಅವಳು ಕೋಲನ್ನು ಸುಕೇಶನ ಪಕ್ಕದಲ್ಲಿಟ್ಟಳು.

ಪೊಲೀಸರು ಸುದರ್ಶನನನ್ನು ಒಯ್ದರು. ತಂಡದವರು ಬೇಡವೆಂದರೂ ಅವಳು ವೇದಿಕೆ ಹತ್ತಿದಳು. ಕ್ಲಾವೆ ಕರೆಯಿತು. ಅಂಗೈ ಊದುವವರೆಗೆ ಕೊಂಗಾ ಬಡಿದಳು.

ಎಲ್ಲ ಮುಗಿದ ಮೇಲೆ ಸ್ಪಾನರ್ ಹಿಡಿದು ಕೊಂಗಾದ ಪಕ್ಕ ಕೂತಳು.

"ನುಡಿಸಿ ಆದ್ಮೇಲೆ ಸಡಿಲ ಮಾಡ್ಬೇಕು. ಬಿಗಿಯಾಗೇ ಬಿಟ್ರೆ ಒಂದಿನ ತಾನೇ ಸೀಳತ್ತೆ." ತಲೆಯೆತ್ತಲಿಲ್ಲ. "ಅವತ್ತು ಏನೂ ಕೇಳದೆ ನಿಮಗೆ ಹೊಡೆದೆ. ಕ್ಷಮಿಸಿ."

"ಈ ಮಾತಿಗೇ ಕಾಯ್ತಾ ಇದ್ದೆ. ಆದ್ರೆ ಇನ್ನೊಮ್ಮೆ ಕೈ ಎತ್ತಿದ್ರೆ ನಾನು ಇರುವುದಿಲ್ಲ."

"ಎತ್ತಲ್ಲ." ಸ್ಪಾನರ್ ನಿಂತಿತು. "ನೀವಂದ್ರೆ ಇಷ್ಟ, ಸುಕೇಶ್. ನನ್ನ ಕೈ ಕಂಡ್ರೇನೇ ಭಯ."

ಅವನು ಅಂಗೈ ಚಾಚಿದ. ಊದಿದ ತನ್ನ ಕೈಯನ್ನು ಅವಳು ಅದರಲ್ಲಿಟ್ಟಳು.

"ಮುಂದಿನ ಸ್ಕ್ರೂ ನಾನು ತಿರುಗಿಸ್ಲಾ?"

"ನಿಧಾನ," ಅಂದಳು. "ಸ್ವಲ್ಪ ಸ್ವಲ್ಪವೇ."